ಹೊಸಿಲ ಹೊರಗೆ ಓದಿದ ಹಾಳೆ

ನಿಮ್ಮಜ್ಜ ಕೊನೆಯ ಎರಡು ವರ್ಷ ಎಷ್ಟು ಮಾತಾಡುತ್ತಿದ್ದರು ಅನ್ನೋದನ್ನು ನೀವೆಲ್ಲ ನೋಡಿದ್ದೀರಿ. ಅವರು ಮೊದಲಿನಿಂದಲೂ ಹಾಗೇ ಅಂತ ನಿಮ್ಮಲ್ಲಿ ಚಿಕ್ಕವರು ತಿಳಿದಿದ್ದೀರಿ. ಹಾಗಿರಲಿಲ್ಲ. ಅದಕ್ಕೆ ಮೊದಲು ಒಂದು ಬೇಸಿಗೆ ಅವರು ಮಾತು ಬಿಟ್ಟರು, ಊಟ ಬಿಟ್ಟರು, ನಮ್ಮ ಕೈ ತಪ್ಪಿ ಹೋಗುವಂತಿದ್ದರು. ಅವರು ಹೇಗೆ ವಾಪಸು ಬಂದರು ಅನ್ನೋದು ನನಗೊಬ್ಬಳಿಗೇ ಗೊತ್ತು. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೆ ಬರೆದಿಡುತ್ತಿದ್ದೇನೆ. ನಾನು ಹೊಸದುರ್ಗದ ಕಡೆ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ತಪ್ಪು ಕಂಡರೆ ನಕ್ಕು ಮುಂದಕ್ಕೆ ಹೋಗಿ.

ಅಜ್ಜನಿಗೆ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಆದರೂ ಮಂದೆಯ ಹಿಂದೆ ಹೋಗುತ್ತಿದ್ದರು. ಕಾಲಿಗೆ ದಾರಿ ಗೊತ್ತು, ಕಿವಿಗೆ ಕುರಿ ಗೊತ್ತು ಅನ್ನುತ್ತಿದ್ದರು. ಒಂದು ದಿನ ಹಳ್ಳ ದಾಟುವಾಗ ಬಿದ್ದು ಮೊಣಕಾಲು ಒಡೆದುಕೊಂಡರು. ನಿಮ್ಮಪ್ಪ ರಜೆ ಹಾಕಿ ಚಿತ್ರದುರ್ಗದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಅಂದರಂತೆ. ಮಂದೆಯನ್ನು ಮೈದುನನ ಮಕ್ಕಳಿಗೆ ಒಪ್ಪಿಸಿ ನಾವಿಬ್ಬರೂ ಚಿಕ್ಕಜಾಜೂರಿಗೆ, ನಿಮ್ಮಪ್ಪನ ರೈಲ್ವೆ ಕ್ವಾರ್ಟರ್ಸಿಗೆ ಬಂದೆವು. ಎರಡು ಕೋಣೆ, ಮುಂದೆ ಪಡಸಾಲೆ. ಗೂಡ್ಸ್ ಗಾಡಿ ಹೋದರೆ ಅಡುಗೆಮನೆಯ ತಟ್ಟೆಗಳೆಲ್ಲ ಗಲಗಲ ಅನ್ನುತ್ತವೆ.

ನೀವೆಲ್ಲ ಅಜ್ಜ ಬಂದ ಅಂತ ಕುಣಿದಿರಿ. ಅವರು ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದರು. ಮೊದಲ ವಾರ ಕೇಳಿದ್ದಕ್ಕೆ ಹೂಂ, ಊಹೂಂ ಅಂದರು. ಆಮೇಲೆ ಅದೂ ನಿಂತಿತು. ಮುದ್ದೆಯಲ್ಲಿ ಎರಡು ತುತ್ತು ಮುರಿದು ಕೈ ತೊಳೆದುಬಿಡುತ್ತಿದ್ದರು. ನಿಮ್ಮಪ್ಪ ಪಕ್ಕದಲ್ಲಿ ಕೂತು ಬೇಡಿಕೊಂಡ. ನಿಮ್ಮವ್ವ ಸೊಪ್ಪಿನ ಸಾರು, ಹುರುಳಿ ಸಾರು, ಏನೇನೋ ಮಾಡಿ ನೋಡಿದಳು. ಡಾಕ್ಟರು ಬಂದು ರೋಗ ಏನೂ ಇಲ್ಲ ಅಂದರು. ರೋಗ ಇದ್ದಿದ್ದರೆ ಮಾತ್ರೆಯಾದರೂ ಇರುತ್ತಿತ್ತು. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದರು. ಮಳೆಗಾಲದವರೆಗೂ ಇರುತ್ತಾರೋ ಇಲ್ಲವೋ ಅಂತ ನಿಮ್ಮಪ್ಪ ಹಿತ್ತಲಲ್ಲಿ ಅತ್ತದ್ದನ್ನು ನಾನು ಕಂಡೆ.

ನಾನು ಏನು ಮಾಡಲಿ? ನನಗೆ ಅವರ ಜೊತೆ ಮಾತಾಡಿ ಅಭ್ಯಾಸವೇ ಇರಲಿಲ್ಲ. ಕೇಳಿದರೆ ನಿಮಗೆ ನಗು ಬರಬಹುದು. ವರ್ಷದಲ್ಲಿ ಏಳೆಂಟು ತಿಂಗಳು ಅವರು ಮಂದೆಯ ಹಿಂದೆ ಅಲೆಯುತ್ತಿದ್ದರು. ಮನೆಯಲ್ಲಿದ್ದಾಗ ನಮ್ಮತ್ತೆ ಮಾವ ಎದುರಿಗೆ ಇರುತ್ತಿದ್ದರು. ಅವರ ಮುಂದೆ ಗಂಡನ ಹತ್ತಿರ ಮಾತಾಡುವುದು ಸಲಿಗೆ ಅನ್ನಿಸಿಕೊಳ್ಳುತ್ತಿತ್ತು. ಊಟಕ್ಕೆ ಬರ್ರಿ, ನೀರು ಕಾಯ್ದೈತೆ, ಇಷ್ಟೇ ನನ್ನ ಮಾತು. ಅತ್ತೆ ಮಾವ ಹೋದ ಮೇಲೂ ನಾಲಿಗೆ ಹೊಸ ಮಾತು ಕಲಿಯಲಿಲ್ಲ.

ನಿಮ್ಮಲ್ಲಿ ದೊಡ್ಡವಳು ಆಗ ಹೊಳಲ್ಕೆರೆಯಲ್ಲಿ ಪಿಯುಸಿ ಮೊದಲ ವರ್ಷ ಮುಗಿಸಿದ್ದಳು. ಅವಳ ಇತಿಹಾಸದ ಪುಸ್ತಕ ಪಡಸಾಲೆಯ ಗೂಡಿನಲ್ಲಿ ಬಿದ್ದಿತ್ತು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಅದನ್ನು ತೆಗೆದು ನಡುವೆ ಎಲ್ಲೋ ಬಿಡಿಸಿದೆ. ನಮ್ಮ ಮೇಷ್ಟ್ರು ಕಲಿಸಿದ್ದು ಬಾಯಿ ಬಿಟ್ಟು ಓದುವುದನ್ನು. ತುಟಿ ಆಡದೆ ಓದಿದರೆ ಇವತ್ತಿಗೂ ನನಗೆ ಒಂದಕ್ಷರ ಹತ್ತುವುದಿಲ್ಲ. ಹಾಗಾಗಿ ಮೆಲ್ಲಗೆ ಗುನುಗುತ್ತ ಓದಿದೆ. ಮಂಗೋಲರು ಅನ್ನುವ ಜನ ಹುಲ್ಲುಗಾವಲಿನಲ್ಲಿ ಕುದುರೆ, ಕುರಿ ಮೇಯಿಸಿಕೊಂಡು ಇದ್ದರಂತೆ, ಉಣ್ಣೆಯ ಗುಡಾರದಲ್ಲಿ ವಾಸವಂತೆ, ಅವರೇ ಎದ್ದು ಅರ್ಧ ಲೋಕ ಗೆದ್ದರಂತೆ.

"ಯಾವ ಕುರಿ?"

ನಾನು ಬೆಚ್ಚಿ ಪುಸ್ತಕ ಬೀಳಿಸಿದೆ. ಒಂಬತ್ತು ದಿನದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಅದು. ಮುಖ ಇನ್ನೂ ಗೋಡೆ ಕಡೆಗೇ ಇತ್ತು.

"ಯಾವ ಕುರಿ ಅಂತ ಬರ್ದಿಲ್ಲ," ಅಂದೆ.

"ಉಣ್ಣೆ ಗುಡಾರ ಅಂದ್ಯಲ್ಲ. ನೇಯ್ತಾರಾ?"

"ನೇಯಲ್ಲಂತೆ. ಉಣ್ಣೆಗೆ ನೀರು ಹಾಕಿ ಉರುಳಿಸಿ, ತುಳಿದು ಗಟ್ಟಿ ಮಾಡ್ತಾರಂತೆ."

"ತುಳಿದ್ರೆ ಬಟ್ಟೆ ಆಗ್ತೈತಾ? ಸುಳ್ಳು ಬರ್ದಾನೆ."

ಅಷ್ಟೇ ಮಾತು. ಮರುದಿನ ನಾನು ಚಾ ಕೊಡುವಾಗ ತಾವಾಗಿಯೇ ಅಂದರು: "ಆಗಬೌದು. ಮಳೇಲಿ ನೆಂದ ಕಂಬಳಿ ಕಾಲಡಿ ಸಿಕ್ಕಿ ತಗಡಿನಂಗೆ ಆಗಿದ್ದು ನೋಡೀನಿ. ಮೊದ್ಲಿಂದ ಓದು."

ಮೊದಲಿನಿಂದ ಓದಿದೆ. ಆ ಪುಸ್ತಕದಲ್ಲಿ ಒಂದೊಂದು ರಾಜ್ಯವನ್ನು ಹುಟ್ಟಿನಿಂದ ಸಾವಿನವರೆಗೆ ಹೇಳಿ ಮುಗಿಸಿ ಮುಂದಿನದಕ್ಕೆ ಹೋಗುತ್ತಾರೆ. ಸಾವಿರ ವರ್ಷದ ಹಿಂದಿನ ದೂರದ ಹೆಸರುಗಳು. ನನ್ನ ನಾಲಿಗೆ ಕಲ್ಲು ದಾರಿಯ ಗಾಡಿಯಂತೆ ಎಡವುತ್ತಿತ್ತು. ಕಾನ್‌ಸ್ಟಾಂಟಿನೋಪಲ್ ಅನ್ನೋದನ್ನು ನಾಲ್ಕು ತುಂಡು ಮಾಡಿ ಹೇಳಿದೆ. ಅವರಿಗೆ ಅದೇನೂ ತೊಂದರೆಯಾಗಲಿಲ್ಲ. "ಆ ಉದ್ದನೆ ಹೆಸರಿನ ಊರು" ಅಂತ ಕರೆದರು.

ಆ ಉದ್ದನೆ ಹೆಸರಿನ ಊರಿಗೆ ಜೋಡಿ ಗೋಡೆ, ಅದರ ಮುಂದೆ ಕಂದಕ ಅಂತ ಓದಿದಾಗ ಅವರಿಗೆ ಅದು ಹಿಡಿಸಲಿಲ್ಲ. "ನಮ್ಮ ದುರ್ಗಕ್ಕೆ ಏಳು ಸುತ್ತು. ಇವರದ್ದು ಎರಡಕ್ಕೇ ಇಷ್ಟು ಜಂಬ?" ಅಂದರು. ಆ ಊರಿನ ಬಂದರಿಗೆ ಅಡ್ಡಲಾಗಿ ಕಬ್ಬಿಣದ ಸರಪಳಿ ಕಟ್ಟಿದ್ದರು, ತುರ್ಕರು ಕೊಬ್ಬು ಸವರಿದ ದಿಮ್ಮಿಗಳ ಮೇಲೆ ಹಡಗುಗಳನ್ನೇ ಗುಡ್ಡ ಹತ್ತಿಸಿ ಆಚೆ ಇಳಿಸಿದರು ಅಂತ ಓದಿದಾಗ ಮಾತ್ರ ಎದ್ದು ಕೂತರು.

"ಯಾವುದರ ಕೊಬ್ಬು?"

"ಅದನ್ನ ಹೇಳಿಲ್ಲ."

"ಕುರಿದೇ. ಬೇರೆ ಯಾವ್ದೂ ಅಂಗೆ ಜಾರಲ್ಲ."

ಎದ್ದು ಕೂತವರ ಮುಂದೆ ನಾನು ತಟ್ಟೆ ತಂದಿಟ್ಟೆ. ತುತ್ತು ಬಾಯಿಗೆ ಹೋಗುವವರೆಗೂ ಮುಂದಿನ ಸಾಲು ಓದಲಿಲ್ಲ. ಅವರಿಗೆ ನನ್ನ ಉಪಾಯ ತಿಳಿಯಿತು. "ಹಸಿ ಹುಲ್ಲು ತೋರ್ಸಿ ಕುರಿ ಕರಿಯಂಗೆ ಮಾಡ್ತೀಯಲ್ಲೇ," ಅಂದರು, ಆದರೂ ಉಂಡರು. ಅಂದಿನಿಂದ ಅದೇ ಪದ್ಧತಿಯಾಯಿತು. ಅರಬರು ಸ್ಪೇನಿಗೆ ಹೋಗುವಷ್ಟರಲ್ಲಿ ಅರ್ಧ ಮುದ್ದೆ. ಬಾಗ್ದಾದು ಬೀಳುವ ದಿನ ಒಂದು ಇಡೀ ಮುದ್ದೆ ಖಾಲಿಯಾಯಿತು. ನಿಮ್ಮವ್ವ ಅಡುಗೆಮನೆಯಿಂದ ಕೂಗುತ್ತಿದ್ದಳು: "ಅತ್ತೆ, ಇನ್ನೂ ಸ್ವಲ್ಪ ತಡೀರಿ, ಸಾರು ಕುದೀಬೇಕು. ಅಲ್ಲೀವರ್ಗೂ ಯಾವ ರಾಜನ್ನೂ ಸಾಯಿಸ್‌ಬ್ಯಾಡ್ರಿ!"

ಬಾಗ್ದಾದಿನಲ್ಲಿ ಮಂಗೋಲರು ಪುಸ್ತಕಗಳನ್ನೆಲ್ಲ ಹೊಳೆಗೆ ಎಸೆದರು, ಮಸಿ ಕರಗಿ ನೀರು ಕಪ್ಪಾಯಿತು ಅಂತ ಜನ ಹೇಳುವರಂತೆ. ಅದನ್ನು ಓದಿದ ದಿನ ಅವರು ಅಂದರು: "ಕುರಿ ಕಾಯೋ ಜನ ಅಂದ್ಯಲ್ಲ ಅವ್ರನ್ನ. ಅವ್ರಿಗೆ ಯಾರೂ ಓದಿ ಹೇಳಿರಲಿಲ್ಲ ಅಂತ ಕಾಣ್ತೈತೆ. ಕೇಳಿದ್ರೆ ಎಸೀತಿರಲಿಲ್ಲ."

ಯುರೋಪಿನಲ್ಲಿ ಜೀತದ ಒಕ್ಕಲುಗಳು ದೊರೆಯ ಹೊಲ ಬಿಟ್ಟು ಕದಲುವಂತಿರಲಿಲ್ಲ ಅನ್ನೋದು ಅವರಿಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯವಾಗಿ ಕಂಡಿತು. "ನಡ್ಕೊಂಡು ಹೋಗಂಗಿಲ್ವಾ? ಕಾಲು ಯಾಕೆ ಕೊಟ್ಟ ಮತ್ತೆ ದೇವ್ರು?" ಅದೇ ಹೊತ್ತಿಗೆ ನಮ್ಮ ಕಡೆ ವಿಜಯನಗರ ಇತ್ತು ಅಜ್ಜ ಅಂತ ದೊಡ್ಡವಳು ನಡುವೆ ಬಾಯಿ ಹಾಕಿದಳು.

"ಹಂಪಿಗೆ ಒಂದ್ ಸಲ ಮಂದೆ ಹೊಡ್ಕಂಡು ಹೋಗಿದ್ದೆ ಕಣವ್ವ."

"ಅರಮನೆ ನೋಡಿದ್ಯಾ ಅಜ್ಜ?"

"ಅರಮನೆ ಬುನಾದಿ ಐತೆ. ಹುಲ್ಲು ಚೆನ್ನಾಗಿತ್ತು."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರೂ ನಕ್ಕರು. ಅವರು ನಕ್ಕ ಶಬ್ದ ಕೇಳಿ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ನಿಮ್ಮಪ್ಪ ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿ ಬಂದ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದುದನ್ನು ಕೆಡಿಸಿದವಳು ನಾನೇ.

ಅವರಿಗೆ ಓದುವ ಮೊದಲು ಮುಂದಿನ ಹಾಳೆಗಳನ್ನು ಒಂದು ಸಲ ಅಡುಗೆಮನೆಯಲ್ಲಿ ನೋಡಿಟ್ಟುಕೊಳ್ಳುತ್ತಿದ್ದೆ, ಎಡವಬಾರದು ಅಂತ. ಹಾಗೆ ನೋಡುವಾಗ ಒಂದು ಹಾಳೆಯಲ್ಲಿ ಆ ದೊಡ್ಡ ಪ್ಲೇಗಿನ ಕಥೆ ಬಂತು. ಪೂರ್ವದಿಂದ ವ್ಯಾಪಾರದ ದಾರಿ ಹಿಡಿದು, ಹಡಗು ಹತ್ತಿ ಯುರೋಪಿಗೆ ಬಂದ ರೋಗ. ಊರಿಗೆ ಊರೇ ಬರಿದಾಗಿ, ಸತ್ತವರನ್ನು ಹೂಳಲು ಆಳಿಲ್ಲದೆ ದೊಡ್ಡ ಗುಂಡಿ ತೋಡಿದರಂತೆ. ನನ್ನ ಕೈ ನಿಂತಿತು.

ನಮ್ಮ ಮನೆತನದಲ್ಲಿ ಒಂದು ಕಟ್ಟು ಇದೆ. ಮಂದೆಗಾಗಲಿ ಮಂದಿಗಾಗಲಿ ಬರುವ ಸಾವಿನ ರೋಗದ ಸುದ್ದಿಯನ್ನು ಹೊಸಿಲ ಒಳಗೆ ಆಡುವಂತಿಲ್ಲ. ಆಡಿದರೆ ಅದು ದಾರಿ ಕೇಳಿಕೊಂಡು ಬರುತ್ತದೆ ಅನ್ನುತ್ತಿದ್ದರು ನಮ್ಮತ್ತೆ. ಪ್ಲೇಗಿನ ಕಾಲಕ್ಕೆ ಅವರ ಹಿರಿಯರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಅದನ್ನೂ ಅತ್ತೆ ನನಗೆ ಕಣದಲ್ಲಿ ಹೇಳಿದ್ದೇ ಹೊರತು ಮನೆಯಲ್ಲಿ ಹೇಳಲಿಲ್ಲ.

ಆದರೆ ನಾನು ಅಂಜಿದ್ದು ಕಟ್ಟಿಗೆ ಮಾತ್ರ ಅಲ್ಲ. ಸುಮಾರು ನಲವತ್ತು ವರ್ಷದ ಹಿಂದೆ ನಿಮ್ಮಜ್ಜ, ಅವರಣ್ಣ ಇಬ್ಬರೂ ಇನ್ನೂರು ಕುರಿ ಹೊಡೆದುಕೊಂಡು ಭದ್ರಾ ನಾಲೆಯ ಕಡೆ ಹೋಗಿದ್ದರು. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರೈತರು ಮಂದೆ ಕೂರಿಸಿಕೊಳ್ಳುತ್ತಾರೆ. ಆ ವರ್ಷ ಮಂದೆಗೆ ರೋಗ ಬಡಿಯಿತು. ಒಂದು ನಡುಮಧ್ಯಾಹ್ನ ಅಣ್ಣನನ್ನು ಅಲ್ಲೇ ಕೂಲಿಗೆ ಬಿಟ್ಟು ನಿಮ್ಮಜ್ಜ ಉಳಿದ ಹನ್ನೊಂದು ಕುರಿ ಹೊಡೆದುಕೊಂಡು ಸದ್ದಿಲ್ಲದೆ ಬಂದು ಜಗಲಿಯ ಮೇಲೆ ಕೂತರು. ನಾನು ಕಾಲಿಗೆ ನೀರು ಕೊಟ್ಟೆ. ಏನಾಯಿತು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೊರಗಿನವರ ಬಾಯಿಂದ ಅಷ್ಟಿಷ್ಟು ಕೇಳಿದೆ. ಮತ್ತೆ ಕುರಿ ಕೂಡಿಸಿದರು, ಮಂದೆ ಬೆಳೆಯಿತು, ಆ ವರ್ಷದ ಮಾತು ಮಾತ್ರ ನಮ್ಮ ಮನೆಯಲ್ಲಿ ಎಂದೂ ಹುಟ್ಟಲಿಲ್ಲ.

ಈಗಷ್ಟೇ ಎದ್ದು ಕೂತು ಉಣ್ಣುತ್ತಿರುವ ಮನುಷ್ಯನಿಗೆ ಆ ಗುಂಡಿಯ ಮಾತು ಯಾಕೆ ಅಂತ ನಾನು ಆ ಹಾಳೆ ಬಿಟ್ಟು ಮುಂದಿನದನ್ನು ಓದಿದೆ. ದೊರೆಗಳಿಗೆ ಹೊಲದಲ್ಲಿ ದುಡಿಯಲು ಆಳು ಸಿಗದಾಯಿತು, ಆಳುಗಳು ಹೆಚ್ಚಿಗೆ ಕೂಲಿ ಕೇಳಿದರು, ಹೊಲ ಬಿಟ್ಟು ಬೇರೆ ಕಡೆ ನಡೆದರು, ಹಳೆಯ ಕಟ್ಟುಪಾಡು ಸಡಿಲವಾಯಿತು. ನಡೆದು ಹೋಗುವುದನ್ನು ಕೇಳಿ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರ ಕೈ ತಟ್ಟೆಯಲ್ಲಿ ನಿಂತಿತು.

"ಮೊನ್ನೆ ಊರೆಲ್ಲ ಜನ ತುಂಬಿ, ಬೀಳು ಭೂಮೀನೂ ಉತ್ತರು ಅಂದೆ. ಇವತ್ತು ಆಳು ಸಿಗಲ್ಲ ಅಂತೀಯ. ನಡುವೆ ಮಂದಿ ಎತ್ಲಾಗೆ ಹೋದ್ರು?"

"ಗುಳೆ ಹೋದ್ರೇನೋ."

"ಗುಳೆ ಹೋದೋರು ಸುಗ್ಗೀಗೆ ಬರ್ತಾರೆ."

ನಾನು ಮುಂದಿನ ಹಾಳೆ ತಿರುವಿದೆ.

"ಹಾಳೆ ಬಿಟ್ಟೀಯ," ಅಂದರು. "ಮಂದೆ ದೊಡ್ಡೀಗೆ ಬಂದಾಗ ಕೊರತೆ ಐತೆ ಅಂದ್ರೆ ಎಣಿಸದೇನೇ ಗೊತ್ತಾಗ್ತೈತೆ. ಕುರುಡ ಅಂತ ನೀನೂ ಮೋಸ ಮಾಡ್ತೀಯಾ?"

ತಟ್ಟೆ ಸರಿಸಿ ಕೈ ತೊಳೆದು ಗೋಡೆ ಕಡೆ ತಿರುಗಿದರು. ಆ ರಾತ್ರಿ ಉಣ್ಣಲಿಲ್ಲ. ಮರುದಿನ ಚಾ ಕುಡಿಯಲಿಲ್ಲ. ನಾನು ಪುಸ್ತಕ ಹಿಡಿದು ಪಕ್ಕದಲ್ಲಿ ಕೂತು ಮಂಗೋಲರನ್ನು ಮತ್ತೆ ಮೊದಲಿಂದ ಓದಿದೆ, ಕುರಿ ಅನ್ನುವ ಮಾತನ್ನು ಗಟ್ಟಿಯಾಗಿ ಓದಿದೆ. ಗೋಡೆಗೆ ಓದಿದ ಹಾಗಾಯಿತು. ಎರಡು ದಿನ ಹೀಗೇ ಹೋಯಿತು. ಎಲ್ಲರೂ ಏನಾಯ್ತು ಏನಾಯ್ತು ಅಂತ ನನ್ನ ಮುಖ ನೋಡಿದರು.

ಮೂರನೇ ದಿನ ಬೆಳಗ್ಗೆ ನೀವೆಲ್ಲ ಹೊರಗೆ ಹೋದ ಮೇಲೆ ನಾನು ಅವರ ಮಂಡಿಯ ಹತ್ತಿರ ನಿಂತು ಹೇಳಿದೆ: "ಅದು ಒಳಗೆ ಓದೋ ಹಾಳೆ ಅಲ್ಲ. ಏಳ್ರಿ, ಹೊರಗೆ ಹೋಗಾಣ."

ಅವರು ಗೋಡೆ ಬಿಟ್ಟು ಈ ಕಡೆ ತಿರುಗಿದರು. ಆಮೇಲೆ ಕೈ ಚಾಚಿದರು.

ಕ್ವಾರ್ಟರ್ಸಿನ ಸಾಲು ದಾಟಿದರೆ ಬೇಲಿಯ ಹತ್ತಿರ ಒಂದು ಬೇವಿನ ಮರ ಇದೆಯಲ್ಲ, ಅಲ್ಲಿಗೆ ಹೋಗಬೇಕಿತ್ತು. ಎಂಟು ಮನೆಗಳ ಮುಂದೆ ಹಾದು ಹೋಗಬೇಕು. ಮದುವೆಯಲ್ಲಿ ಪುರೋಹಿತರು ಹಿಡಿಸಿದ್ದು ಬಿಟ್ಟರೆ ನಾಲ್ಕು ಜನರ ಎದುರಿಗೆ ನಾನು ಅವರ ಕೈ ಹಿಡಿದವಳಲ್ಲ. ಕಂಕುಳಲ್ಲಿ ಪುಸ್ತಕ, ತಲೆ ತುಂಬ ಸೆರಗು. ಮೂರನೇ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದಳು.

"ಏನಜ್ಜಿ, ಈ ವಯಸ್ನಾಗೆ ಕೈ ಕೈ ಹಿಡ್ಕಂಡು ಸವಾರಿ ಎತ್ಲಾಗೆ ಹೊಂಟ್ತು?" ಅಂದಳು. ಒಳಗಿದ್ದ ಇನ್ನೊಬ್ಬಳನ್ನೂ ಕರೆದಳು, "ಬಾರೇ ಇಲ್ಲಿ, ನೋಡು!"

ನನ್ನ ಕಿವಿ ಬಿಸಿಯಾಯಿತು. ಕೈ ಬಿಡಿಸಿಕೊಂಡು ಒಂದು ಮಾರು ಮುಂದೆ ನಡೆದುಬಿಡೋಣ ಅನ್ನಿಸಿತು. ಬೆರಳು ಸಡಿಲ ಮಾಡಿದೆ. ಅವರು ಬಿಡಲಿಲ್ಲ.

ಮರದ ಬುಡದಲ್ಲಿ ಕಂಬಳಿ ಹಾಸಿ ಕೂರಿಸಿದೆ. ಬಿಟ್ಟ ಹಾಳೆ ಓದಿದೆ. ಒಂದು ಸಾಲೂ ಬಿಡಲಿಲ್ಲ. ಹಡಗಿನಲ್ಲಿ ಬಂದದ್ದು, ಬಾಗಿಲು ಹಾಕಿಕೊಂಡ ಊರುಗಳು, ತಾಯಿ ಮಗುವಿನ ಹತ್ತಿರ ಹೋಗಲು ಅಂಜಿದ್ದು, ಹೊಲದಲ್ಲಿ ಬೆಳೆ ನಿಂತಲ್ಲೇ ಒಣಗಿದ್ದು, ಕಾಯುವವರಿಲ್ಲದೆ ದನ ಕುರಿ ಅಲೆದದ್ದು, ಗುಂಡಿಗಳು. ಓದಿ ಮುಗಿಸಿ ಅವರ ಮುಖ ನೋಡಿದೆ.

"ನಾವೂ ಗುಂಡಿ ತೋಡಿದ್ವಿ," ಅಂದರು.

ಆಮೇಲೆ ಹೇಳಿದರು. ನಾಲೆಯ ಏರಿಯ ಕೆಳಗೆ ಮೂರು ದಿನ ತೋಡಿದರಂತೆ, ಅಣ್ಣ ಹಾರೆ ಹಿಡಿದರೆ ಇವರು ಮಣ್ಣು ಎಳೆಯುವುದು. ಗದ್ದೆಯ ಯಜಮಾನ ದೂರ ನಿಂತು ಬೇಗ ಬೇಗ ಅಂತ ಕೂಗುತ್ತಿದ್ದನಂತೆ. ಮುಂದಾಳು ಟಗರಿನ ಕೊರಳ ಗಂಟೆ ಬಿಚ್ಚಲು ಕೈ ಬರದೆ ಹಾಗೇ ಹೂತರಂತೆ. ನಡೆಯಲಾರದ ಒಂದು ಕುರಿಯನ್ನು ಎರಡು ದಿನ ಹೆಗಲ ಮೇಲೆ ಹೊತ್ತು ತಂದು, ಅದು ಹೆಗಲ ಮೇಲೆಯೇ ತಣ್ಣಗಾಗಿದ್ದು ಬಹಳ ದೂರ ಬಂದ ಮೇಲೆ ತಿಳಿಯಿತಂತೆ. ಇದನ್ನೆಲ್ಲ ಅವರು ಅಳುತ್ತ ಹೇಳಲಿಲ್ಲ. ದಾರಿ ಹೇಳುವವರ ಹಾಗೆ ಹೇಳಿದರು, ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ಅತ್ತವಳು ನಾನು, ಸೆರಗಿನೊಳಗೆ.

ಕೊನೆಗೆ ಒಂದು ಮಾತು ಅಂದರು. "ಊರ ಹತ್ರಕ್ಕೆ ಸಂಜೆಗೇ ಬಂದಿದ್ದೆ. ಒಳಗೆ ಬರ್ಲಿಲ್ಲ. ಗುಡ್ಡದ ಹಿಂದೆ ರಾತ್ರಿ ಕಳ್ದೆ."

"ಯಾಕೆ?"

"ಸಂಜೆ ಮಂದೆ ಬರೋ ಹೊತ್ತಿಗೆ ನೀನು ಸದ್ದು ಕೇಳಿ ಬಾಗ್ಲಿಗೆ ಬರ್ತಿದ್ದೆ. ಅಷ್ಟು ದೊಡ್ಡ ಮಂದೆ ನೋಡಾಕೆ ನಿಂತೋಳಿಗೆ ಹನ್ನೊಂದು ಹೆಂಗೆ ತೋರ್ಸಲಿ? ಮಧ್ಯಾಹ್ನ ಆದ್ರೆ ನೀನು ಒಳಗೆ ಬೀಸಾಕೆ ಕುಂತಿರ್ತೀಯ ಅಂತ."

ನಾನು ಬಾಗಿಲಿಗೆ ಬಂದು ನಿಲ್ಲುತ್ತಿದ್ದುದನ್ನು ಅವರು ನೋಡಿದ್ದರು ಅನ್ನೋದೇ ನನಗೆ ಗೊತ್ತಿರಲಿಲ್ಲ. ಅತ್ತೆಗೆ ಕಾಣದ ಹಾಗೆ ಕದದ ಮರೆಯಲ್ಲಿ ನಿಲ್ಲುತ್ತಿದ್ದೆ.

"ಅವತ್ತು ಕೇಳ್‌ಬೇಕು ಅನ್ನಿಸಿತ್ತು ನಂಗೆ," ಅಂದೆ.

"ಕೇಳಿದ್ರೆ ಹೇಳ್ತಿದ್ದೆ."

ಗೂಡ್ಸ್ ಗಾಡಿ ಒಂದು ಬಂತು. ಸದ್ದು ನಿಂತ ಮೇಲೆ ಅವರು ನನ್ನ ಕಡೆ ತಿರುಗಿದರು.

"ಆ ವರ್ಷ ನಾನು ಇಲ್ದಾಗ ನೀನು ಊರಾಗೆ ಏನ್ ಮಾಡ್ದೆ? ಅದನ್ನ ಓದು."

"ಅದು ಪುಸ್ತಕದಾಗಿಲ್ಲ."

"ಇಲ್ದಿದ್ರೆ ಹೇಳು."

ಓದುವುದಾದರೆ ಮಾತು ಇನ್ನೊಬ್ಬರದು, ನನ್ನದು ಬರೀ ನಾಲಿಗೆ. ಈಗ ಎರಡೂ ನನ್ನದೇ ಆಗಬೇಕಿತ್ತು. ಬೇವಿನ ಎಲೆ ಒಂದನ್ನು ಕಿತ್ತು ಚೂರು ಮಾಡಿದೆ. ಅವರು ಆತುರಪಡಿಸಲಿಲ್ಲ. ಮೇಯುವ ಕುರಿಯ ಪಕ್ಕದಲ್ಲಿ ನಿಂತವರ ಹಾಗೆ ಕಾದರು.

"ನಿಮ್ಮ ಮಗ ಆ ಚಳಿಗಾಲದಾಗೇ ನಡಿಯಾಕೆ ಕಲ್ತ," ಅಂದೆ. "ನೀವು ಬಂದಾಗ ಓಡ್ತಿದ್ದ. ಮೊದ್ಲು ನಡೆದದ್ದು ನಾನೊಬ್ಬಳೇ ನೋಡಿದ್ದು. ಯಾರ ಹತ್ರನೂ ಹೇಳಿರಲಿಲ್ಲ."

"ಎಲ್ಲಿಂದ ಎಲ್ಲಿಗೆ ನಡ್ದ?"

"ಒಲೆ ಹತ್ರದಿಂದ ಒನಕೆ ಮೂಲೆಗೆ."

"ಬಿದ್ನಾ?"

"ಕೊನೇಗೆ ಬಿದ್ದ. ಅಳ್ಲಿಲ್ಲ."

"ಯಾವ ಕಾಲು ಮುಂದಿಟ್ಟ?"

ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಅಡುಗೆಮನೆಯ ಸಗಣಿ ಸಾರಿಸಿದ ನೆಲ, ಒಲೆಯ ಬೂದಿ, ಅಂಗಿ ಇಲ್ಲದ ನಿಮ್ಮಪ್ಪ. "ಎಡಗಾಲು," ಅಂದೆ.

ಅವರು ಮಂಡಿಯ ಮೇಲೆ ಕೈ ಊರಿ, ನಗುತ್ತ, "ಹೂಂ, ಆಮೇಲೆ?" ಅಂದರು.